ಹಾರುವ ಹಕ್ಕಿಯ ತಿಕೀಟು

ಬಾಗಲಕೋಟೆ
೧೨ ಜುಲೈ ೧೯೭೮

ಅಖಂಡ ಕಂಬಳಿಗುಡ್ಡ ಟಪಾಲು ಸಂಸ್ಥಾನದ ಸಿಂಹಾಸನಾಧೀಶ್ವರ, ಮುರುಕು ಸೈಕಲ್ಲನ್ನೇ ಪಟ್ಟದಾನೆಯಾಗಿ ಏರಿದ ಮಹಾರಥಿ, ಠಸ್ಸೆಧಾರಿ, ಗೋಂದುಗಂಭೀರ, ಬಲಗೈ ಹೆಬ್ಬೆರಳಿಗೆ ಕಪ್ಪು ಶಾಯಿಯ ರಾಜಮುದ್ರೆ ಧರಿಸಿದ ರಾಜಮಾನ್ಯ ರಾಜಶ್ರೀ ಪೋಸ್ಟಮಾಸ್ತರ ನಜೀರಸಾಬ ಕಾಕಾ ಅವರ ಪಾದಾರವಿಂದಗಳ ಸನ್ನಿಧಿಗೆ (ಪಾದದಲ್ಲಿ ಚಪ್ಪಲಿ ಇದ್ದರೆ ಚಪ್ಪಲಿಯ ಸನ್ನಿಧಿಗೆ),

ಸದರಿ ಕಂಬಳಿಗುಡ್ಡದ ಸೋಮವ್ವನ ಒಬ್ಬನೇ ಮಗ, ಹಾಲಿ ಬಾಗಲಕೋಟೆಯಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿರುವ (ಎಂದು ಊರಲ್ಲಿ ಎಲ್ಲರೂ ನಂಬಿರುವ) ಹುಲ್ಲಪ್ಪನು ಸಾಷ್ಟಾಂಗ ಬಿದ್ದು ಸಲ್ಲಿಸುವ ದೂರು.

ಕಲಂ ಒಂದು. ಕಳೆದ ತಿಂಗಳ ಇಪ್ಪತ್ತೆಂಟಕ್ಕೆ ನಾನು ತಮಗೆ ಹಾಕಿದ ಕಾರ್ಡು ಹನ್ನೊಂದು ದಿನಕ್ಕೆ ಮುಟ್ಟಿತೆಂದು ತಿಳಿದು ದಿಗ್ಭ್ರಾಂತನಾದೆ. ಅದೇ ದಿನ ನಮ್ಮ ಕಾಳಪ್ಪ ಮಾವನ ಕುರಿಹಿಂಡು ಇಲ್ಲಿಂದ ಹೊರಟು, ದಾರಿಯುದ್ದಕ್ಕೂ ಮೇದು, ಎರಡು ಕಡೆ ಮರಿ ಈದು, ತಮ್ಮ ಟಪಾಲ ಚೀಲಕ್ಕಿಂತ ಎರಡು ದಿನ ಮೊದಲೇ ಊರು ಸೇರಿತು. ಇನ್ನು ಮುಂದೆ ಕಾಗದವನ್ನು ಟಗರಿನ ಕೊಂಬಿಗೆ ಕಟ್ಟಿ ಕಳಿಸಬಹುದೇ? ಕೊಂಬಿಗೆ ತಿಕೀಟು ಹಚ್ಚಬೇಕೇ?

ಕಲಂ ಎರಡು. ತಿಕೀಟಿನ ಬೆನ್ನಿಗೆ ಸರಕಾರ ಗೋಂದು ಹಚ್ಚುತ್ತದೆ ಎಂಬುದು ಬರೀ ವದಂತಿ. ನೆಕ್ಕಿ ನೆಕ್ಕಿ ನನ್ನ ನಾಲಗೆ ಸವೆದಿದೆ, ತಿಕೀಟು ಮಾತ್ರ ಗಾಳಿಗೆ ಎದ್ದು ಕೂರುತ್ತದೆ. ಕಡೆಗೆ ಜೋಳದ ಅಂಬಲಿ ಸವರಿ ಅಂಟಿಸಿದೆ. ಅದನ್ನು ಕಂಡ ನನ್ನ ಕೋಣೆಯ ಜೊತೆಗಾರ, ಶಿರೂರಿನ ಕಲ್ಲಪ್ಪ, “ಲೇ ಹುಲ್ಯಾ, ಇರುವಿ ಬಂದು ಪಾಕೀಟು ಸಮೇತ ಹೊತ್ಕೊಂಡು ಹೋದ್ರ ಟಪಾಲಿಗಿಂತ ಲಗೂ ಮುಟ್ಟತೈತಿ ಬಿಡು” ಎಂದು ಅಭಿಪ್ರಾಯಪಟ್ಟನು.

ಆದಕಾರಣ ತಾವು ತಮ್ಮನ್ನು ತಾವೇ ವಿಚಾರಣೆಗೆ ಕರೆದು, ತಪ್ಪು ಒಪ್ಪಿಕೊಂಡು, ತಮಗೆ ತಾವೇ ತಕ್ಕ ಶಿಕ್ಷೆ ವಿಧಿಸಿಕೊಳ್ಳತಕ್ಕದ್ದು.

ತಮ್ಮ ಚರಣಧೂಳಿ,
ಹುಲ್ಲಪ್ಪ

---

ಕಂಬಳಿಗುಡ್ಡ, ತಾ. ಹುನಗುಂದ
೨೩ ಜುಲೈ ೧೯೭೮

ಚಿರಂಜೀವಿ ಹುಲ್ಲಪ್ಪನಿಗೆ ನಜೀರಸಾಬನ ಆಶೀರ್ವಾದ.

ನಿನ್ನ ದೂರು ನಾಲ್ಕನೇ ದಿನಕ್ಕೆ ಮುಟ್ಟಿತು. ಕಾಳಪ್ಪನ ಕುರಿ ಇನ್ನೂ ಎರಡನೇ ಸಲ ಬಂದಿಲ್ಲ.

ಹೋದ ತಿಂಗಳು ಹಳ್ಳ ಬಂದು ಬಸ್ಸು ನಿಂತಿತ್ತು. ಚೀಲ ಹುನಗುಂದದಲ್ಲಿಯೇ ಉಳಿಯಿತು. ಟಪಾಲು ತಡ ಆಗಬಹುದು ತಮ್ಮಾ, ಕಳೆಯುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಒಂದು ಕಾರ್ಡು ಕಳೆದಿಲ್ಲ. ಗೋಂದಿನ ಮಾತು ಖರೆ. ಅದಕ್ಕೆ ನಾನು ಜಾಲಿ ಅಂಟು ಇಟ್ಟಿರುತ್ತೇನೆ.

ಈಗ ನನ್ನ ದೂರು ಕೇಳು. ನನಗೆ ಬರೆಯುವಾಗ ತಿಕೀಟು ಹಚ್ಚುತ್ತೀ. ಹಡೆದವ್ವನಿಗೆ ಮಾತ್ರ ತಿಕೀಟಿಲ್ಲದ ಬ್ಯಾರಂಗ ಪಾಕೀಟು. ಮುಟ್ಟಿಸಿಕೊಂಡವರು ದುಪ್ಪಟ್ಟು ಕೊಟ್ಟು ಬಿಡಿಸಿಕೊಳ್ಳಬೇಕು, ಇಲ್ಲ ಬೇಡ ಅನ್ನಬೇಕು. ಸೋಮಕ್ಕ ಪ್ರತಿ ಸಲ ಬೇಡ ಅನ್ನುತ್ತಾಳೆ. ಆದರೆ ಅದಕ್ಕೆ ಮೊದಲು ಪಾಕೀಟನ್ನು ಕೈಯಲ್ಲಿ ಹಿಡಿದು, ವಿಳಾಸದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾಳೆ. ಅಕ್ಷರ ಬಾರದವಳು ಏನು ಓದುತ್ತಾಳೆ ಅಂತ ನಾನು ಆರು ತಿಂಗಳು ನೋಡಿದೆ. ಆಮೇಲೆ ತಿಳಿಯಿತು. ಹೆಸರಿನ ಮುಂದೆ ಒಂದು ಶ್ರೀ ಇದ್ದರೆ ಮಗ ಸುಖ. ಎರಡು ಇದ್ದರೆ ಬರುವ ಐತವಾರ ಊರಿಗೆ ಬರುತ್ತಾನೆ. ಮೂರು ಇದ್ದರೆ ಮೈಯಲ್ಲಿ ಆರಾಮಿಲ್ಲ. ಹೋದ ವರ್ಷ ಮೂರು ಶ್ರೀ ನೋಡಿ ಆಕೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಾಗಲಕೋಟೆ ಬಸ್ಸು ಹತ್ತಿದ್ದು ನನಗೆ ನೆನಪಿದೆ.

“ಚಂದ ಐತೇನಬೇ ಮಗನ ಅಕ್ಷರ?” ಅಂತ ಕೇಳಿದರೆ, “ನನಗೇನು ಗೊತ್ತು ಸಾಬಣ್ಣ, ನಾ ಬರೇ ಧೂಳ ಒರಸಿದೆ” ಅನ್ನುತ್ತಾಳೆ.

ನಾನು ಪಾಕೀಟಿನ ಮೇಲೆ ‘ಬೇಡವೆಂದರು’ ಅಂತ ಬರೆದು ವಾಪಸು ಕಳಿಸುತ್ತೇನೆ. ತಾಯಿ ಮಗ ಕೂಡಿ ಸರಕಾರದ ಚೀಲವನ್ನು ಬಾಡಿಗೆ ಇಲ್ಲದ ಬಂಡಿ ಮಾಡಿಕೊಂಡಿದ್ದೀರಿ. ನಕ್ಕು ಬರೆಯುತ್ತಿದ್ದೇನೆ, ಆದರೆ ಆಟ ಸಾಕು ಮಾಡು.

ನಜೀರಸಾಬ

---

ಬಾಗಲಕೋಟೆ
೨೦ ಆಗಸ್ಟ್ ೧೯೭೮

ಗೂಢಲಿಪಿಭೇದಕ, ಸರ್ವಶ್ರೀಗಣಕ, ಪತ್ತೇದಾರ ಚೂಡಾಮಣಿ ಕಾಕಾ ಅವರಿಗೆ,

ಸಿಕ್ಕಿಬಿದ್ದ ಕಳ್ಳನ ನಮಸ್ಕಾರ. ತಾವು ಎಣಿಸಿದ್ದು ಬರೀ ಶ್ರೀಗಳನ್ನು. ಆ ಪಾಕೀಟುಗಳ ಒಳಗೇನಿದೆ ಎಂದು ತಾವು ಒಡೆದು ನೋಡಿದವರಲ್ಲ, ಆದ್ದರಿಂದ ನಾನೇ ಹೇಳುತ್ತೇನೆ: ಖಾಲಿ ಹಾಳೆ. ಒಂದಕ್ಷರವಿಲ್ಲ. ಹೊರಗೇ ಎಲ್ಲ ಹೇಳಿಯಾದ ಮೇಲೆ ಒಳಗೆ ಬರೆದು ಶಾಯಿ ಯಾಕೆ ಕೆಡಿಸಬೇಕು? ಕಳಿಸಿದವನ ವಿಳಾಸವನ್ನೂ ಬರೆಯುವುದಿಲ್ಲ. ವಾಪಸು ಬಂದರೆ ದುಪ್ಪಟ್ಟು ನನ್ನ ತಲೆಗೇ ಬರುತ್ತದಲ್ಲ!

ತಮ್ಮ ಎಚ್ಚರಿಕೆಯನ್ನು ಗೌರವಿಸಿ ನಾಲ್ಕನೆಯ ಶ್ರೀಯನ್ನು ಜಾರಿಗೆ ತಂದಿದ್ದೇನೆ. ಅರ್ಥ: ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತೀರಿದೆ. ಅವ್ವನಿಗೆ ತಾವೇ ತಿಳಿಸಿಬಿಡಿ, ಮುಂದಿನ ಪಾಕೀಟು ಹೊರಟಾಗಿದೆ.

ಇನ್ನೊಂದು ಸುದ್ದಿ ಕೇಳಿ ಸೈಕಲ್ಲಿನಿಂದ ಬೀಳಬೇಡಿ. ತಮ್ಮ ಖಾತೆಗೆ ಗುಮಾಸ್ತರು ಬೇಕಂತೆ, ನವೆಂಬರದ ಕೊನೆಯೊಳಗೆ ಅರ್ಜಿ ಹಾಕಬೇಕಂತೆ. ನನ್ನ ಮಾರ್ಕು ಸಾಲುತ್ತವೆ. ನಾಳೆ ನಾನು ಕೌಂಟರಿನಲ್ಲಿ ಕೂತು, ತಿಕೀಟಿಲ್ಲದ ಪಾಕೀಟು ತಂದವರನ್ನು ಕನ್ನಡಕದ ಮೇಲಿಂದ ನೋಡುವ ದೃಶ್ಯವನ್ನು ತಾವು ಊಹಿಸಿಕೊಳ್ಳಬೇಕು. ಅವ್ವನಂತೂ ಈಗಲೇ ಬೀರಪ್ಪನಿಗೆ ಹರಕೆ ಹೊತ್ತು ಕೂತಿದ್ದಾಳೆ.

ಭಾವೀ ಸಹೋದ್ಯೋಗಿ,
ಹುಲ್ಲಪ್ಪ

---

ಕಂಬಳಿಗುಡ್ಡ
೯ ನವೆಂಬರ್ ೧೯೭೮

ಹುಲ್ಲಪ್ಪಾ,

ಇದನ್ನು ಒಬ್ಬನೇ ಕೂತು ಓದು. ಕಲ್ಲಪ್ಪನ ಮುಂದೆ ಓದಬೇಡ.

ಸೋಮವಾರ ತಪಾಸಣೆ ಸಾಹೇಬರು ಬಂದಿದ್ದರು. ಯಾರೂ ಬಿಡಿಸಿಕೊಳ್ಳದ, ಕಳಿಸಿದವರ ವಿಳಾಸವೂ ಇಲ್ಲದ ಕಾಗದಗಳು ಕಡೆಗೆ ಒಂದು ಕಚೇರಿಗೆ ಹೋಗುತ್ತವೆ. ಅಲ್ಲಿ ಒಡೆದು ನೋಡುತ್ತಾರೆ. ನಮ್ಮ ಊರಿನಿಂದ ಎರಡು ವರ್ಷದಲ್ಲಿ ನಲವತ್ತೊಂದು ಪಾಕೀಟು ಹೋಗಿವೆ, ಎಲ್ಲ ಸೋಮಕ್ಕನ ಹೆಸರಿನವು, ಎಲ್ಲದರಲ್ಲಿಯೂ ಖಾಲಿ ಹಾಳೆ. ಸಾಹೇಬರು ಅವನ್ನು ನನ್ನ ಮೇಜಿನ ಮೇಲೆ ಸುರುವಿದರು.

“ಏನ್ರಿ ಮಾಸ್ತರ, ಖಾಲಿ ಹಾಳಿ ಯಾರರ ಕಳಿಸ್ತಾರೇನ್ರಿ? ಒಳಗಿಂದು ತಗದು ಹಾಳಿ ಇಟ್ಟು, ಬ್ಯಾಡಂದ್ರು ಅಂತ ಬರದು ದಾಟಿಸೀರಿ. ಎಷ್ಟು ವರ್ಷದಿಂದ ನಡದೈತಿ ಇದು?”

ನಾನು ಬಾಯಿ ಬಿಡುವ ಮೊದಲೇ ಅವರು ಸೋಮಕ್ಕನನ್ನು ಕರೆಸಿದರು. ಆಕೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಳು.

“ಯವ್ವಾ, ಈ ಕಾಗದ ಯಾಕ ಬಿಡಿಸಿಕೊಳ್ಳೂದಿಲ್ಲ ನೀ?”

“ನೋಡಿದ್ರ ಸಾಕಾಗತೈತ್ರೀ ಯಪ್ಪಾ.”

“ನಿನಗ ಓದಾಕ ಬರತೈತೇನು?”

“ಇಲ್ರೀ. ಶ್ರೀ ಒಂದು ಗುರ್ತ ಐತ್ರಿ. ಶ್ರೀ ಅಂದ್ರ ದೇವರು. ಕೈ ಮುಗದು ವಾಪಸ್ ಕೊಡ್ತೀನ್ರೀ.”

“ಯಾರು ಬರೀತಾರ ಇವನ್ನ?”

ಆಕೆ ನನ್ನ ಕಡೆ ನೋಡಿದಳು. ಆ ನೋಟ ನಾನು ಮರೆಯುವುದಿಲ್ಲ. “ನನಗ ಗೊತ್ತಿಲ್ರೀ” ಅಂದಳು.

ಸಂಜೆ ನಮ್ಮ ಮನೆಗೆ ಬಂದು ನಿನ್ನ ಕಾಕಿ ಗುಲಾಬಬಿಯ ಕೈ ಹಿಡಿದು ಅತ್ತಳು. “ಮಗ ನೌಕರಿಗೆ ಅರ್ಜಿ ಹಾಕಾವ ಅದಾನ. ಸರಕಾರಕ್ಕ ಟೋಪಿ ಹಾಕಿದಾವ ಅಂತ ಬರಕೊಂಡ್ರ ಆತು, ಮುಗೀತು. ಅವನ ಹೆಸರು ಹೇಳಬ್ಯಾಡ ಸಾಬಣ್ಣ” ಅಂದಳು.

ನಾನು ಹೇಳಿಲ್ಲ, ಖಾಲಿ ಹಾಳೆ ಅಂತ ನೀನು ಬರೆದ ಕಾಗದವನ್ನೂ ತೋರಿಸಿಲ್ಲ. ಆದರೆ ಪಾಕೀಟಿನ ಮೇಲೆ ಬಾಗಲಕೋಟೆಯ ಠಸ್ಸೆ ಇದೆ, ಆಕೆಯ ಮಗ ಅಲ್ಲೇ ಓದುತ್ತಾನೆಂದು ಊರವರು ಹೇಳಿದ್ದಾರೆ. ಸಾಹೇಬರು ನಿನಗೆ ಕಾಗದ ಬರೆಯುತ್ತಾರೆ: ಈ ಪಾಕೀಟು ನೀನು ಕಳಿಸಿದ್ದೇ, ಒಳಗೆ ಏನಿತ್ತು, ಅಂತ. ಹದಿನೈದು ದಿನದಲ್ಲಿ ಖರೆ ಬರೆದು ಕಳಿಸು. ಖಾಲಿ ಹಾಳೆ ನಾನೇ ಇಟ್ಟೆ ಅಂತ ನಾಲ್ಕು ಸಾಲು ಸಾಕು. ಇಲ್ಲದಿದ್ದರೆ ನನ್ನನ್ನು ತೆಗೆಯುತ್ತಾರೆ. ಹುಡುಗಾಟ ಅಂತ ನಿನ್ನನ್ನು ಬೈದು ಬಿಟ್ಟಾರು, ಬಿಡದೆಯೂ ಇರಬಹುದು. ನಾನು ಆಣೆ ಮಾಡಿ ಹೇಳಲಾರೆ.

ನಿನ್ನ ಹತ್ತಿರ ತಿಕೀಟು ಇರುವುದಿಲ್ಲ ಅಂತ ಗೊತ್ತು. ಇದರ ಜೊತೆ ಒಂದು ಇಟ್ಟಿದ್ದೇನೆ, ಹಾರುವ ಹಕ್ಕಿಯ ಚಿತ್ರದ್ದು. ಚಂದ ಇದೆ ಅಂತ ಭಾಳ ದಿನದಿಂದ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೆ. ಕಾಗದ ಎಷ್ಟು ದಪ್ಪ ಆದರೂ ಅದು ಸಾಲುತ್ತದೆ.

ಇದನ್ನು ಇಡುವಾಗ ಗುಲಾಬಬಿ, “ಹುಡುಗ ಬರೀತಾನೇನ್ರಿ?” ಅಂದಳು.

“ಬರೀತಾನ. ಬರಿಯೂದೊಂದ ಅವಂಗ ಬರೂದು” ಅಂದೆ.

ನಜೀರಸಾಬ

---

ಬಾಗಲಕೋಟೆ
೧೯ ನವೆಂಬರ್ ೧೯೭೮

ನಿಷ್ಕಳಂಕ, ನಿರಪರಾಧಿ, ನಿತ್ಯನಿರ್ಮಲ ನಜೀರಸಾಬ ಕಾಕಾ ಅವರಿಗೆ,

ಅಂಜಬೇಡಿ. ಶುಭಸಮಾಚಾರವೇನೆಂದರೆ ನನ್ನ ತಪ್ಪೊಪ್ಪಿಗೆಯ ಮಹಾಪತ್ರ ಇಂದು ಬೆಳಿಗ್ಗೆ ಹತ್ತು ಗಂಟೆಗೆ ಬಜಾರದ ಕೆಂಪು ಡಬ್ಬಿಯಲ್ಲಿ ಪ್ರತಿಷ್ಠಾಪನೆಗೊಂಡಿತು. ಮುಂದೆ ಕಲ್ಲಪ್ಪ ಬಾಯಿಂದಲೇ ಕಹಳೆ ಊದುತ್ತಿದ್ದ, ಹಿಂದೆ ನಾನು ಪಾಕೀಟನ್ನು ಎರಡೂ ಅಂಗೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದೆ. ತಮ್ಮ ಹಕ್ಕಿಯನ್ನು ಬಲಗಡೆ ಮೂಲೆಯಲ್ಲಿ ಕೂರಿಸಿದ್ದೇನೆ. ನಾಲ್ಕು ಸಾಲು ಕೇಳಿದ್ದಿರಿ, ನಾಲ್ಕು ಪುಟ ಬರೆದಿದ್ದೇನೆ. ಸಾಹೇಬರು ಓದಿ ಕಣ್ಣೊರೆಸಿಕೊಳ್ಳದಿದ್ದರೆ ಕೇಳಿ.

ರಜಿಸ್ಟರ ಯಾಕೆ ಮಾಡಿಸಲಿಲ್ಲ ಎನ್ನುವಿರಿ. ತಡ ಆಗಬಹುದು, ಕಳೆಯುವುದಿಲ್ಲ ಎಂದವರು ತಾವೇ. ತಮ್ಮ ಮಾತಿನ ಮೇಲೆ ನನಗೆ ಅಷ್ಟು ವಿಶ್ವಾಸ.

ಅವ್ವನಿಗೆ ಧೈರ್ಯ ಹೇಳಿ.

ಹುಲ್ಲಪ್ಪ

---

ಕಂಬಳಿಗುಡ್ಡ
೨೦ ಡಿಸೆಂಬರ್ ೧೯೭೮

ಚಿ. ಹುಲ್ಲಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಆ ದಿನ ನಮ್ಮ ಮನೆಯಲ್ಲಿ ಸಿಹಿ ಮಾಡಿದರು. ಸೋಮಕ್ಕನಿಗೂ ಓದಿ ಹೇಳಿದೆ. ಆಕೆ ಎದ್ದು ಹೋಗಿ ಒಲೆ ಮುಂದೆ ಕೂತಳು. ಖುಷಿಯೋ ಅಂಜಿಕೆಯೋ ತಿಳಿಯಲಿಲ್ಲ.

ಆದರೆ ತಮ್ಮಾ, ಆ ಕಾಗದ ಸಾಹೇಬರಿಗೆ ಮುಟ್ಟಿಲ್ಲ. ಒಂದು ತಿಂಗಳಾಯಿತು. ಮೊದಲು ತಡ ಅಂದುಕೊಂಡೆ. ಆಮೇಲೆ ಹುನಗುಂದಕ್ಕೆ ಹೋಗಿ ಕಾಗದ ವಿಂಗಡಿಸುವವರನ್ನು ಕೇಳಿದೆ. ಹಕ್ಕಿಯ ತಿಕೀಟು ಹಚ್ಚಿದ ದಪ್ಪ ಪಾಕೀಟು ಅಂದೆ. ನನ್ನ ಮುಂದೆಯೇ ಹಳೆಯ ಚೀಲಗಳನ್ನು ತಿರುವಿ ಝಾಡಿಸಿದರು. ಧೂಳು ಬಿತ್ತು, ಒಂದು ಜಿರಲೆ ಬಿತ್ತು. “ಸಾಬ್ರ, ಹುಡುಗ ಹಾಕ್ಯಾನೋ ಇಲ್ಲೋ ಮೊದಲ ಕೇಳ್ರಿ” ಅಂತ ಒಬ್ಬ ನಕ್ಕ. ನನಗೆ ಸಿಟ್ಟು ಬಂತು. ನಾಲ್ಕು ಮಾತು ಬೈದು ಬಂದೆ.

ಎಷ್ಟು ಹೊತ್ತಿಗೆ ಹಾಕಿದಿ, ಡಬ್ಬಿ ತೆಗೆಯುವ ಮೊದಲೋ ಆಮೇಲೋ, ವಿಳಾಸ ಹೇಗೆ ಬರೆದಿದ್ದಿ, ಎಲ್ಲ ತಿಳಿಸು. ಮತ್ತೊಂದು ಬರೆದು ಈ ಸಲ ರಜಿಸ್ಟರ ಮಾಡಿಸು. ಸಾಹೇಬರು ಜನವರಿ ಕೊನೆಯವರೆಗೆ ನೋಡುತ್ತೇನೆ ಅಂದಿದ್ದಾರೆ.

ನಜೀರಸಾಬ

---

ಬಾಗಲಕೋಟೆ
೪ ಜನವರಿ ೧೯೭೯

ಪೂಜ್ಯ ಕಾಕಾ,

ತಮ್ಮ ಖಾತೆಯ ಘನತೆ ಇಷ್ಟೇ ನೋಡಿ. ನಲವತ್ತೊಂದು ಖಾಲಿ ಹಾಳೆಗಳನ್ನು ಒಂದೂ ಬಿಡದೆ ಮುಟ್ಟಿಸುತ್ತಾರೆ, ಅಕ್ಷರ ಇದ್ದ ಒಂದೇ ಒಂದು ಕಾಗದವನ್ನು ನುಂಗಿ ನೀರು ಕುಡಿಯುತ್ತಾರೆ. ನಾನೇನು ಮಾಡಲಿ? ಸ್ಟೇಶನ್ ಹತ್ತಿರದ ಡಬ್ಬಿಗೆ ಹಾಕಿದ್ದು ನನಗೆ ಸ್ಪಷ್ಟ ನೆನಪಿದೆ. ವಿಳಾಸ ಸರಿಯಾಗಿಯೇ ಇತ್ತು.

ಪರೀಕ್ಷೆ ಹತ್ತಿರ ಬಂದಿದೆ. ಅದು ಮುಗಿಯಲಿ, ಮತ್ತೆ ಬರೆಯುತ್ತೇನೆ. ಊರಿಗೂ ಸದ್ಯ ಬರಲಾಗುವುದಿಲ್ಲ ಎಂದು ಅವ್ವನಿಗೆ ಹೇಳಿ.

ಹುಲ್ಲಪ್ಪ

---

ಕಂಬಳಿಗುಡ್ಡ
೨೬ ಫೆಬ್ರವರಿ ೧೯೭೯

ಚಿ. ಹುಲ್ಲಪ್ಪನಿಗೆ,

ನಿನ್ನೆ ಠಸ್ಸೆ, ತಕ್ಕಡಿ, ಚೀಲದ ಕೀಲಿ ಎಲ್ಲವನ್ನೂ ಕನಕಪ್ಪನಿಗೆ ಒಪ್ಪಿಸಿದೆ. ಇನ್ನು ಮುಂದೆ ಟಪಾಲು ಅವನ ಕಟ್ಟೆಯ ಮೇಲೆ. ಕಳವು ಸಾಬೀತಾಗಿಲ್ಲ, ಸಂಶಯ ತೀರಿಲ್ಲ, ಆದ್ದರಿಂದ ತೆಗೆಯಲಾಗಿದೆ ಅಂತ ಆದೇಶದಲ್ಲಿ ಬರೆದಿದ್ದಾರೆ. ಜನ ಅಷ್ಟು ಉದ್ದ ಓದುವುದಿಲ್ಲ. ಬಾವಿ ಕಟ್ಟೆಯಲ್ಲಿ ಹುಚ್ಚವ್ವ ನನ್ನ ಹೆಂಡತಿಯನ್ನು, “ಸೋಮವ್ವನ ಪಾಕೀಟಿನಾಗ ಏನೇನಿತ್ತ ಬೇ?” ಅಂತ ಕೇಳಿದಳಂತೆ. ಗುಲಾಬಬಿ ಕೊಡ ತುಂಬದೆ ಬಂದಳು.

ಸೋಮಕ್ಕನಿಗೆ ಇನ್ನು ಕಾಗದ ಹಾಕಿದರೆ ತಿಕೀಟು ಹಚ್ಚಿ ಹಾಕು. ಕನಕಪ್ಪ ಪಾಕೀಟನ್ನು ದೂರದಿಂದಲೇ ತೋರಿಸುತ್ತಾನೆ, ಆಕೆಯ ಕೈಗೆ ಕೊಡುವುದಿಲ್ಲ.

ಪರೀಕ್ಷೆ ಚೆನ್ನಾಗಿ ಬರಿ.

ನಜೀರಸಾಬ

---

ಇಲಕಲ್ಲ
೩ ಆಗಸ್ಟ್ ೧೯೮೦

ಚಿರಂಜೀವಿ ಹುಲ್ಲಪ್ಪನಿಗೆ ನಜೀರಸಾಬನ ಆಶೀರ್ವಾದ.

ಒಂದೂವರೆ ವರ್ಷವಾಯಿತು ನಿನ್ನ ಅಕ್ಷರ ನೋಡಿ. ನೀನು ಬಾದಾಮಿಯಲ್ಲಿ ಟಪಾಲು ಗುಮಾಸ್ತನಾಗಿ ಸೇರಿದಿ ಅಂತ ಸೋಮಕ್ಕ ಹೇಳಿ ಕಳಿಸಿದಳು. ಭಾಳ ಸಂತೋಷ ಆಯಿತು. ಮಗಳು ಜೋಹರಾಳ ಕೈಯಲ್ಲಿ ಸಕ್ಕರೆ ತರಿಸಿ ಓಣಿಯಲ್ಲಿ ಹಂಚಿದೆ.

ಈಗ ನಾವಿಬ್ಬರೂ ಇಲ್ಲಿ ಜೋಹರಾಳ ಮನೆಯಲ್ಲಿ ಇದ್ದೇವೆ. ಅಳಿಯನ ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತೇನೆ. ಹೆಬ್ಬೆರಳಿನ ಕಪ್ಪು ಹೋಗಿ ಈಗ ಸೀರೆಯ ಕೆಂಪು ಹತ್ತಿದೆ.

ನೀನು ಬರೆಯುವುದು ಬಿಟ್ಟದ್ದು ಯಾಕೆ ಅಂತ ನನಗೆ ಗೊತ್ತು. ನಾನು ನಿನ್ನ ಮೇಲೆ ಸಂಶಯಪಟ್ಟೆ ಅಂತ ತಿಳಿದಿರಬೇಕು. ಇಲ್ಲ ತಮ್ಮಾ. ನೀನು ಒಮ್ಮೆ ಬಜಾರದ ಡಬ್ಬಿ ಅಂದಿದ್ದಿ, ಒಮ್ಮೆ ಸ್ಟೇಶನ್ ಡಬ್ಬಿ ಅಂದಿ. ಆವಾಗ ಪರೀಕ್ಷೆಯ ಗಡಿಬಿಡಿ, ನೆನಪು ತಪ್ಪಿರುತ್ತದೆ. ಫೆಬ್ರವರಿಯಲ್ಲಿ ನಾನು ಬಾಗಲಕೋಟೆಗೆ ಬಂದು ಎರಡೂ ಡಬ್ಬಿ ನೋಡಿದೆ. ಎಲ್ಲಾದರೂ ಸಂದಿಯಲ್ಲಿ ಸಿಕ್ಕಿರಬಹುದೇ ಅಂತ ಕೈ ಹಾಕಿ ತಡವಿದೆ. ಪೋಲೀಸನೊಬ್ಬ ಗದರಿಸಿದ. ನಿನ್ನ ಓದಿಗೆ ಅಡ್ಡಿ ಬೇಡ ಅಂತ ಕೋಣೆಗೆ ಬರಲಿಲ್ಲ.

ಈಗ ನೂಲು ಸುತ್ತುತ್ತ ಕೂತಾಗ ಒಂದು ಹೊಳೆಯಿತು. ತಪ್ಪು ನನ್ನದು. ಆ ತಿಕೀಟು ಭಾಳ ಹಳೆಯದು, ಹನ್ನೆರಡು ಮಳೆಗಾಲ ಡಬ್ಬಿಯಲ್ಲಿ ಇತ್ತು. ಅದರ ಗೋಂದು ಸತ್ತಿತ್ತು. ಜಾಲಿ ಅಂಟು ಹಚ್ಚು ಅಂತ ನಾನು ನಿನಗೆ ಬರೆಯಬೇಕಿತ್ತು, ಮರೆತೆ. ಅದು ದಾರಿಯಲ್ಲಿ ಉದುರಿರಬೇಕು. ನಿನ್ನ ಕಾಗದ ಬ್ಯಾರಂಗ ಆಗಿ ಕಚೇರಿಗೆ ಹೋಗಿರಬೇಕು. ದುಪ್ಪಟ್ಟು ಕೊಟ್ಟು ಬಿಡಿಸಿಕೊಳ್ಳುವವರು ಅಲ್ಲಿ ಯಾರು? ಯಾರೋ ನನ್ನಂಥವನೇ ಅದರ ಮೇಲೆ ‘ಬೇಡವೆಂದರು’ ಅಂತ ಬರೆದಿರಬೇಕು.

ಗೋಂದಿನ ಬಗ್ಗೆ ನೀನು ಮೊದಲೇ ದೂರು ಕೊಟ್ಟಿದ್ದಿ, ನಾನು ನಕ್ಕೆ. ಮಾಫ ಮಾಡು. ನೌಕರಿ ಹೋದದ್ದಕ್ಕಿಂತ, ನನ್ನ ಕೈಯಿಂದ ಒಂದು ಕಾಗದ ಕಳೆಯಿತಲ್ಲ ಅನ್ನುವುದು ಇಷ್ಟು ದಿನ ನನ್ನನ್ನು ತಿಂದಿತು.

ಕೌಂಟರಿನಲ್ಲಿ ಕೂತಾಗ ಗೋಂದು ನೋಡಿ ತಿಕೀಟು ಕೊಡು.

ನಜೀರಸಾಬ

---

ಬಾದಾಮಿ
೧೯ ಆಗಸ್ಟ್ ೧೯೮೦

ನಜೀರ ಕಾಕಾ,

ಈ ಸಲ ಬಿರುದಿಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ.

ನಿಮ್ಮ ಕೈಯಿಂದ ಯಾವ ಕಾಗದವೂ ಕಳೆದಿಲ್ಲ. ಯಾರ ಕೈಯಿಂದಲೂ ಕಳೆದಿಲ್ಲ. ನಾನು ಅದನ್ನು ಡಬ್ಬಿಗೆ ಹಾಕಲೇ ಇಲ್ಲ.

ಬರೆದದ್ದು ಖರೆ. ನಾಲ್ಕು ಪುಟ ಅಲ್ಲ, ನೀವು ಹೇಳಿದ ನಾಲ್ಕೇ ಸಾಲು. ಬಜಾರದ ಡಬ್ಬಿಯವರೆಗೆ ಹೋದದ್ದೂ ಖರೆ. ಇನ್ನೂ ತಿಕೀಟು ಹಚ್ಚಿರಲಿಲ್ಲ, ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟಿದ್ದೆ. ಕಲ್ಲಪ್ಪ ಕಹಳೆ ಊದಲಿಲ್ಲ. ಪಾಕೀಟಿನ ಮೇಲಿನ ವಿಳಾಸ ನೋಡಿ, “ಲೇ, ಡಬ್ಬಿಗೆ ಕಾಗದ ಹಾಕಾಕ ಬಂದೀಯೋ, ನೌಕರಿ ಹಾಕಾಕ ಬಂದೀಯೋ?” ಅಂದ. ನಾನು ನಕ್ಕೆ. ನಗುತ್ತಲೇ ತಿರುಗಿದೆ. ನಾಳೆ ಹಾಕಿದರಾಯಿತು ಅಂದುಕೊಂಡೆ. ನಿಮಗೆ ಮಾತ್ರ ಹಾಕಿದೆ ಅಂತ ಅದೇ ದಿನ ಬರೆದೆ. ಮರುದಿನ ಹಾಕಿದರೆ ಸುಳ್ಳು ಖರೆ ಆಗುತ್ತದಲ್ಲ ಅಂತ. ಆ ಮರುದಿನ ಬರಲಿಲ್ಲ. ಸ್ಟೇಶನ್ ಡಬ್ಬಿ ಯಾಕೆ ಬಂತೋ ನನಗೇ ಗೊತ್ತಿಲ್ಲ. ಮೊದಲ ಸುಳ್ಳು ಏನು ಹೇಳಿದ್ದೆ ಅನ್ನುವುದು ಮರೆತಿತ್ತು.

ಇಲ್ಲಿ ದಿನಾ ಯಾರಾದರೂ ಒಬ್ಬರು ಕೇಳುತ್ತಾರೆ. ನಿನ್ನೆ ಮಾಯವ್ವ ಅಂತ ಒಬ್ಬ ಮುದುಕಿ ಕಾರ್ಡು ಕೊಟ್ಟು, “ಮುಟ್ಟತೈತಲ್ಲೋ ಯಪ್ಪಾ? ಕಳೀಯೂದಿಲ್ಲಲ್ಲ?” ಅಂದಳು. “ತಡ ಆಗಬಹುದಬೇ, ಕಳೀಯೂದಿಲ್ಲ” ಅಂದೆ. ಅದು ನಿಮ್ಮ ಮಾತು. ಹೇಳಿ ತಲೆ ಎತ್ತಲಾಗಲಿಲ್ಲ. ಕಿಸೆಯಲ್ಲಿ ನಿಮ್ಮ ಇಲಕಲ್ಲದ ಕಾಗದ ಇತ್ತು.

ಇಂದು ಮೇಲಿನ ಕಚೇರಿಗೆ ಎಲ್ಲ ಬರೆದು ಕಳಿಸಿದ್ದೇನೆ. ನಲವತ್ತೊಂದು ಪಾಕೀಟು, ಖಾಲಿ ಹಾಳೆ, ಶ್ರೀಗಳು, ನೀವು ಬಿಡು ಅಂತ ಬರೆದದ್ದು, ನಾನು ಉತ್ತರ ಕೊಡದೆ ಕೂತದ್ದು. ರಜಿಸ್ಟರ ಮಾಡಿಸಿದ್ದೇನೆ, ರಸೀದಿ ಇದರ ಜೊತೆ ಇದೆ. ನನ್ನ ಮಾತನ್ನು ಇನ್ನು ನೀವು ರಸೀದಿ ಇಲ್ಲದೆ ನಂಬಬಾರದು. ನಿಮ್ಮನ್ನು ಮತ್ತೆ ತೆಗೆದುಕೊಳ್ಳುತ್ತಾರೋ ಇಲ್ಲವೋ, ನನ್ನನ್ನು ಇಡುತ್ತಾರೋ ಇಲ್ಲವೋ, ತಿಳಿಯದು.

ಹೋದ ಐತವಾರ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. “ನನಗ ಅವತ್ತ ಗೊತ್ತಿತ್ತು. ನೀ ಹಾಕಿದ್ರ ಊರಿಗೆ ಬರ್ತಿದ್ದಿ” ಅಂದಳು. ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದು, “ಸಾಬಣ್ಣಗ ಬರಿಯೂ ಮುಂದ ಮೂರು ಶ್ರೀ ಹಾಕು” ಅಂದಳು. ಹಾಕಿದ್ದೇನೆ, ಪಾಕೀಟಿನ ಮೇಲೆ ನೋಡಿ. ತಿಕೀಟೂ ಹಚ್ಚಿದ್ದೇನೆ.

ಇನ್ನೊಂದು ಸಣ್ಣ ಮಾತು ಉಳಿದಿದೆ. ಇದನ್ನು ಕಚೇರಿಗೆ ಬರೆದಿಲ್ಲ, ಅವ್ವನಿಗೂ ಹೇಳಿಲ್ಲ.

ನಿಮ್ಮ ಹಕ್ಕಿಯ ಗೋಂದು ಸತ್ತಿರಲಿಲ್ಲ ಕಾಕಾ. ಒಮ್ಮೆ ನೆಕ್ಕಿದ್ದಕ್ಕೇ ಗಟ್ಟಿಯಾಗಿ ಹಿಡಿಯಿತು. ಅದು ನವೆಂಬರ ಮೂವತ್ತು, ನೌಕರಿಯ ಅರ್ಜಿ ಕಳಿಸಲು ಕೊನೆಯ ದಿನ. ಆ ಪಾಕೀಟಿಗೆ ಹಚ್ಚಲು ನನ್ನ ಹತ್ತಿರ ಬೇರೆ ತಿಕೀಟು ಇರಲಿಲ್ಲ.

ಹುಲ್ಲಪ್ಪ